ಸಂತೆ ದಿನದ ಗುಳಿಗೆ

ಕೊಟ್ಟೂರಿನ ದವಾಖಾನೆಯೊಂದರಲ್ಲಿ ಡಾಕ್ಟರ ಬಾಗಿಲಿಗೆ ಸಾಲು ಹಚ್ಚಿದ್ದೆವು. ನನ್ನ ಮುಂದೆ ಬಳೆ ಮಾರುವ ನೂರಸಾಬ, ಅವನ ಮುಂದೆ ಮಂಜಮ್ಮ. ಅವನ ಕೈಯಲ್ಲಿದ್ದ ಗುಳಿಗೆ ಪಟ್ಟಿ ನೋಡಿ ಅವಳೇ ಮಾತು ತೆಗೆದಳು.

“ನನ್ನ ಕೀಲುಬ್ಯಾನಿಗೂ ಇದೇ ಗುಳಿಗಿ. ನಿಮಗ್ಯಾಕ್ರಿ, ಸಾಬ್ರ?”

“ಸೋರಿಯಾಸಿಸ್ ಐತ್ರಿ ಅಕ್ಕಾರ. ಇದನ್ನ ನುಂಗಿದ್ರ ಬಾಯಾಗ ಹುಣ್ಣು ಆಗ್ತಾವೇನ್ರಿ?”

“ನನಗೇನೂ ಆಗಿಲ್ಲಪ್ಪ. ಸಂತಿ ದಿನ ಒಂದು ನುಂಗ್ತೀನಿ. ಹಂಗಂದ್ರ ಮರಿಯಂಗಿಲ್ಲ ಅಂತ ಡಾಕ್ಟ್ರೇ ಹೇಳ್ಯಾರ.”

“ನನಗೂ ಹಂಗ ಹೇಳ್ಯಾರ. ಒಂದು ಸಂತೀನೂ ತಪ್ಪಿಸಿಲ್ರಿ.”

“ಕಡೀಕ ಯಾವಾಗ ನುಂಗಿದ್ರಿ?”

“ನಿನ್ನೆ, ಕೂಡ್ಲಿಗಿ ಸಂತ್ಯಾಗ. ಮೊನ್ನೆ ಹಡಗಲ್ಯಾಗ. ಅದರ ಹಿಂದಿನ ದಿನ ಹರಪನಹಳ್ಳ್ಯಾಗ.”

“ವಾರಕ್ಕ ಎಷ್ಟು ಸಂತಿ ಮಾಡ್ತೀರಿ?”

“ಐದು.”

ಮಂಜಮ್ಮ ಪಟ್ಟಿ ಕಸಿದುಕೊಂಡಳು.

“ಯಪ್ಪಾ, ಇದು ವಾರಕ್ಕೊಂದೇ ಸಲ! ದಿನಾ ನುಂಗಿದ್ರ ಜೀವಕ್ಕ ಕುತ್ತು ಅಂತ ನನಗ ಹತ್ತು ಸಲ ಹೇಳ್ಯಾರ. ನನ್ನ ಪಾಳಿ ನಿಮಗ. ನಡೀರಿ ಒಳಗ!”

“ಡಾಕ್ಟ್ರಿಗೆ ಏನಂತ ಹೇಳ್ಲಿ?”

ಅವನನ್ನು ಒಳಗೆ ದಬ್ಬುತ್ತಾ ಮಂಜಮ್ಮ ಅಂದಳು:

“ಸಂತಿ ವ್ಯಾಪಾರಿ ಅಂತ ಹೇಳ್ರಿ ಸಾಕು, ಅವರ ಎದಿನೂ ಧಸಕ್ ಅಂತೈತಿ.”