ನೀರಿಗಿಳಿಯಲು ಜೊತೆ

ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿ ಕೆರೆಯ ದಡದಲ್ಲಿರುವ ಸೌನಾಕ್ಕೆ, ಅಂದರೆ ಬಿಸಿ ಹಬೆಯ ಸ್ನಾನದ ಮನೆಗೆ, ಹೋದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಅಲ್ಲಿಗೆ ಹೋದದ್ದು ಅದೇ ಮೊದಲು. ಹೆಂಗಸರು ಬಟ್ಟೆ ಬದಲಿಸುವ ಕೋಣೆಯಲ್ಲಿ ಮುದುಕಿ ಹಿಲ್ಕಾ ಕುಳಿತಿದ್ದಳು. ಅವಳಿರುವ ವೃದ್ಧಾಶ್ರಮದಲ್ಲಿ ಸ್ವಯಂಸೇವೆ ಮಾಡಲು ಪೋರ್ಚುಗಲ್‌ನಿಂದ ನಮ್ಮ ಫಿನ್ಲೆಂಡಿಗೆ ಬಂದಿರುವ ಇನೆಸ್ ಪಕ್ಕದಲ್ಲಿದ್ದಳು. ಇಬ್ಬರೂ ಈಜುಡುಗೆ ತೊಟ್ಟಿದ್ದರು. ಹೊರಗೆ, ಹೆಪ್ಪುಗಟ್ಟಿದ ಕೆರೆಯಲ್ಲಿ ಈಜಲೆಂದು ಮಂಜುಗಡ್ಡೆ ಕೊರೆದ ಜಾಗದಲ್ಲಿ ನೀರು ಕಪ್ಪಗೆ ಕಾಣುತ್ತಿತ್ತು.

“ಉಣ್ಣೆ ಟೋಪಿ ಯಾಕೆ ತೆಗೆದೆ? ಹಾಕ್ಕೋ,” ಎಂದಳು ಹಿಲ್ಕಾ, ಇನೆಸ್‌ಗೆ.

“ಟೋಪಿ ಹಾಕ್ಕೊಂಡು ಯಾರಾದ್ರೂ ಈಜ್ತಾರಾ ಅಜ್ಜಿ?”

“ಇಲ್ಲಿ ಎಲ್ರೂ ಈಜ್ತಾರೆ. ತಲೆ ಮುಳುಗಿಸೋದೇನಿದ್ರೂ ಬೇಸಿಗೇಲಿ.”

“ನನಗೆ ಭಯ ಆಗ್ತಿದೆ. ನೀವೊಬ್ರೇ ಇಳೀರಿ.”

“ಒಬ್ಬೊಬ್ರೇ ಇಳಿಯೋ ಹಾಗಿಲ್ಲ ಕಣೇ, ಇಲ್ಲಿನ ಕಟ್ಟಳೆ. ಇಷ್ಟು ವರ್ಷ ನಮ್ಮಕ್ಕ ಬರ್ತಿದ್ಲು, ಈಗ ಅವಳ ಸೊಂಟ ಮುರಿದಿದೆ. ಈ ವಯಸ್ಸಲ್ಲಿ ಒಂದು ಚಳಿಗಾಲ ಬಿಟ್ರೆ ನಾನು ಮತ್ತೆ ಇಳಿಯೋದು ಸುಳ್ಳು.”

ಹುಡುಗಿ ಕಿಟಕಿಯಿಂದ, ನೀರಿಗಿಳಿಯುವ ಏಣಿಯತ್ತ ನೋಡಿದಳು.

“ಜೊತೆ ಅಂದ್ರೆ ನೀರೊಳಗೇ ಇರಬೇಕಾ? ಏಣಿ ಹತ್ರ ನಿಂತ್ರೆ ಆಗಲ್ವಾ?”

“ಆಗುತ್ತೆ.”

“ಆಗುತ್ತಾ! ಮತ್ತೆ ನನಗ್ಯಾಕೆ ಈ ಬಟ್ಟೆ ಹಾಕಿಸಿದ್ರಿ?”

“ಮೊದಲೇ ಹೇಳಿದ್ರೆ ಹಾಕ್ಕೊಳ್ತಿದ್ಯಾ?”

“ಎಂಥಾ ಕಿಲಾಡಿ ಅಜ್ಜಿ!”

“ಕೋಟು ಅಲ್ಲಿದೆ. ಹಾಕ್ಕೊಂಡು ಬಂದು ನಿಂತ್ಕೋ. ನನಗೇನೂ ಬೇಜಾರಿಲ್ಲ.”

“ಬೇಡ. ಇಷ್ಟು ದೂರ ಬಂದು ಕೋಟಲ್ಲಿ ನಿಂತೆ ಅಂದ್ರೆ ನಮ್ಮಮ್ಮನೇ ನಗ್ತಾಳೆ. ಯಾರು ಮೊದಲು?”

“ನೀನೇ ಇಳಿ. ಏಣಿ ಹತ್ರ ನಾನು ನಿಂತಿರ್ತೀನಿ.”

ಇಬ್ಬರೂ ನಗುತ್ತಲೇ ಬಾಗಿಲು ತೆರೆದು ಹೋದರು.