ಅಗಸಿಗೆ ಅಡ್ಡ ಮಲಗಿದ ಹುಲಗೆವ್ವ

ಕುಕನೂರಿನಲ್ಲಿ ಮೋಟಾರಿಗೆ ಕಾಯುತ್ತಿದ್ದ ದೇವೇಂದ್ರಪ್ಪನ ಕಿವಿ ದೂರದ ಯಲಬುರ್ಗಾದ ಪಿಸುಮಾತನ್ನೂ ಬಿಡುತ್ತಿರಲಿಲ್ಲ. ಈ ಮಾತಂತೂ ಬೆನ್ನ ಹಿಂದೆಯೇ ನಡೆದಿತ್ತು.

“ಹುಲಗೆವ್ವ, ದೊಡ್ಡಬ್ಯಾನಿಗೆ ಊರೂರ ದನ ಸತ್ತಾವ. ನಿಮ್ಮೂರಾಗ?” ಎಂದಳು ಅಂಗಡಿಯ ಶೇಖರಮ್ಮ.

“ಒಂದು ಕರಾನೂ ಸತ್ತಿಲ್ರೀ ಅವ್ವಾರ. ಗೌಡ್ರು ಬ್ಯಾಟಿಗಾರರ ಕಡೆ ಚಿಗರಿ ಮರಿ ಕೊಂಡು ತಂದಿದ್ರು. ನೋಡ್ತೀನಿ, ಅವಕ್ಕೂ ಅದ ಬ್ಯಾನಿ. ಬಾಯಾಗ ಹಳ್ಳ ಹರದಂಗ ಜೊಲ್ಲು. ಊರ ಅಗಸಿ ಬಾಗಲಕ್ಕ ಅಡ್ಡ ಮಲಗಿಬಿಟ್ಟೆ.”

“ಗೌಡ್ರಿಗೇ ಅಡ್ಡ?”

“ನಿಜಾಮರ ಫೌಜು ಬಂದ್ರೂ ಅಷ್ಟ ರೀ. ಮಲಗಿದ ಹೆಣ್ಮಗಳ್ನ ಯಾರು ದಾಟ್ತಾರ? ಮರಿ ಊರ ಹೊರಗ ಉಳದ್ವು, ಮರುದಿನ ಅಲ್ಲೇ ಸತ್ವು.”

“ಬೈಲಿಲ್ಲ?”

“ಬೈಯಾಕ ಬಂದ್ರು. ತಮ್ಮ ಎತ್ತು ಮೇವು ತಿನ್ನೋದು ನೋಡಿ ಕೈ ಮುಗದು ಹೋದ್ರು.”

ಮೋಟಾರು ಬಂತು. ಯಾರಿಗೂ ಎಂದೂ ದಾರಿ ಬಿಡದ ಶೇಖರಮ್ಮ, “ನೀ ಮೊದಲ ಹತ್ತವ್ವಾ” ಎಂದು ಪಕ್ಕಕ್ಕೆ ಸರಿದಳು.