ಆರ್ಡ್‌ಸ್ಕೀನ್ ಕ್ಷೇತ್ರದ ಸೇತುವೆ

...ನಗೋದ್ಯಾಕಯ್ಯಾ ಫೆಸ್ಟಿ? ನೀನು ಗಾಡಿ ಹೊಡಿ, ನಾನು ಹೇಳ್ತೀನಿ. ಹದಿನೆಂಟು ವರ್ಷ ನಿಮ್ಮ ಆರ್ಡ್‌ಸ್ಕೀನ್‌ನ ಪಾರ್ಲಿಮೆಂಟ್ ಸದಸ್ಯನಾಗಿದ್ದವನು ಈ ಆಂಬ್ರೋಸ್ ಟಟ್‌ಹಿಲ್. ಅದರ ಚರಿತ್ರೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೊದಲು ಅಲ್ಲಿದ್ದದ್ದು ಒಂದು ಕೋಟೆ, ಹತ್ತು ಮನೆ, ಒಂದಿಷ್ಟು ಹಂದಿ. ದೊರೆ ಏನು ಕಂಡನೋ, ಡಬ್ಲಿನ್ನಿನ ಪಾರ್ಲಿಮೆಂಟ್ ಸಭೆಗೆ ಇಬ್ಬರನ್ನು ಕಳಿಸಿ ಅಂದ. ಮತ ಹಾಕೋರು ಹದಿಮೂರು ಜನ. ನಮ್ಮ ಮುತ್ತಜ್ಜನ ಊಟದ ಮೇಜಿನಲ್ಲೇ ಚುನಾವಣೆ ಮುಗೀತಿತ್ತು. ಜಗಳ ಇಲ್ಲ, ಕೂಗಾಟ ಇಲ್ಲ. ಆಮೇಲೆ ಡಬ್ಲಿನ್ನಿನ ಸಭೆ ಮುಚ್ಚಿ ಎಲ್ಲ ಲಂಡನ್ನಿಗೆ ಹೋಯ್ತು, ಈ ಊರಿಗೆ ಒಬ್ಬನೇ ಸಾಕು ಅಂದರು. ಅಜ್ಜ ಹೋದರು, ಅಪ್ಪ ಹೋದರು, ನಾನು ಹೋದೆ. ಎದುರಿಗೆ ಒಬ್ಬನೂ ನಿಲ್ಲಲಿಲ್ಲ ಅಂದರೆ ಅದು ಪ್ರೀತಿ ಅಲ್ಲದೆ ಇನ್ನೇನು?... ಎಲ್ಲ ನಮ್ಮ ಒಕ್ಕಲುಗಳೇ, ನಿಜ. ಅದಕ್ಕೂ ಇದಕ್ಕೂ ಏನು ಸಂಬಂಧ?

ಈಗ ನೋಡು, ಊರು ಸಣ್ಣದು ಅಂತ ಕ್ಷೇತ್ರವನ್ನೇ ಅಳಿಸಿ ಜಿಲ್ಲೆಗೆ ಸೇರಿಸಿಬಿಟ್ಟರು. ಜನ ಅತ್ತಿರಬೇಕು... ಅಳಲಿಲ್ಲವೇ? ಆಲೂಗಡ್ಡೆ ಕೀಳ್ತಿದ್ದರೇ? ಇರಲಿ, ದುಃಖ ಒಬ್ಬೊಬ್ಬರದು ಒಂದೊಂದು ಥರ.

ಅದಕ್ಕೇ ಈ ಸಲ ಇಡೀ ಜಿಲ್ಲೆಯ ಚುನಾವಣೆಗೇ ನಿಲ್ತಿದ್ದೀನಿ. ಗುಡಿಸಲಿನವರಿಗೂ ಮತ ಹಾಕೋ ಹಕ್ಕು ಬಂತಂತೆ, ನಿನಗೂ ಬಂದಿರಬೇಕಲ್ಲ? ಊರ ಹೊಳೆಗೆ ನಾನು ಕಟ್ಟಿಸಿದ ಸೇತುವೇನ ಎಲ್ಲರಿಗೂ ನೆನಪು ಮಾಡಿಕೊಡು. ಲಂಡನ್ ಸಭೆಯಲ್ಲಿ ಎದ್ದು ನಿಂತು, ಸೇತುವೆ ಆಯಿತು, ಊರು ಉಳಿಯಿತು ಅಂದಾಗ ಎಲ್ಲ ಭೇಷ್ ಭೇಷ್ ಅಂತ ಕೂಗಿದರು. ಮೊದಲು ದಾಟಿದ್ದೂ ನಾನೇ, ಬಿಳಿ ಕುದುರೆ ಮೇಲೆ. ಹೆಂಗಸರು ಹೂ ಎರಚಿದರು.

ಯಾಕೆ ನಿಂತೆ?... ಹೊಳೆ ಕಾಣ್ತಿದೆ, ಸೇತುವೆ ಕಡೆ ತಿರುಗಿಸು. ನನ್ನ ಮುಖ ಏನು ನೋಡ್ತೀಯಾ... ಅಲ್ಲಯ್ಯಾ, ಕುದುರೇನ ನೀರಿಗೇ ಇಳಿಸ್ತಿದ್ದೀಯಲ್ಲ. ನಿಲ್ಲು, ಬೂಟು ನೆನೀತು. ಸಂತೆಗೂ ಹೀಗೇ ದಾಟ್ತೀರಾ? ಬಸುರಿಯರೂ?

ನಡುಹೊಳೇಲಿ ಟೋಪಿ ಯಾಕಪ್ಪಾ ತೆಗೆದೆ?... ನಿನ್ನ ಅಣ್ಣ? ಇಲ್ಲೇ ಕೊಚ್ಚಿಹೋದನೇ?... ಹೋದ ಚಳಿಗಾಲದಲ್ಲಿ.

ನೋಡು ಫೆಸ್ಟಿ, ಸೇತುವೆ ಆಗಿದೆ ಅಂತ ನನಗೆ ಯಾರೋ ಹೇಳಿದ್ದು... ಹೂವಿನ ಮಾತು ಬಿಡು, ಭಾಷಣದಲ್ಲಿ ಅಷ್ಟು ಇರುತ್ತೆ. ನಾನೂ ಟೋಪಿ ತೆಗೀತೀನಿ, ಹಾಂ, ತೆಗೆದೆ. ಈಗ ಹೊಡಿ.

ಲಗಾಮು ನನ್ನ ಕೈಗ್ಯಾಕೆ? ನಾನ್ಯಾಕೆ ಹೊಡೀಲಿ?... ಆಯ್ತು ಫೆಸ್ಟಿ, ಹಿಡಿದೆ.

ಆಚೆ ದಡದಲ್ಲಿ ಎರಡು ದಾರಿ ಕಾಣ್ತಿದೆ... ಆರ್ಡ್‌ಸ್ಕೀನ್‌ಗೆ ಹೋಗೋದು ಯಾವುದಯ್ಯಾ?